ಒಗರಿನಿಂದ ಶುರುವಾದದ್ದು

ಮೊದಲ ಸಲ ಕೆಂಪು ವೈನ್ ಕುಡಿದಾಗ ನನಗದು ಹಿಡಿಸಲಿಲ್ಲ. ನಾಲಿಗೆ ಒಣಗಿತು, ಒಸಡು ಬಿಗಿಯಿತು, ಬಾಯೊಳಗಿನ ತೇವವನ್ನೆಲ್ಲ ಯಾರೋ ಬಟ್ಟೆಯಲ್ಲಿ ಒರೆಸಿಬಿಟ್ಟ ಹಾಗಾಯಿತು. ಸುತ್ತ ಕೂತವರು 'ಟ್ಯಾನಿನ್ ಎಷ್ಟು ಚೆನ್ನಾಗಿದೆ' ಎನ್ನುತ್ತಿದ್ದರು. ನಾನೂ ತಲೆಯಾಡಿಸಿದೆ. ಆ ರಾತ್ರಿ ಹಲ್ಲುಜ್ಜುವಾಗ ತಟ್ಟನೆ ಹೊಳೆಯಿತು: ಇದಕ್ಕೆ ನನ್ನ ಬಳಿ ಮೊದಲಿನಿಂದಲೂ ಒಂದು ಪದವಿದೆಯಲ್ಲ! ಒಗರು.

ಅಷ್ಟೇ ಆದದ್ದು. ಆದರೆ ಆ ಒಂದು ಪದ ಸಿಕ್ಕ ಮೇಲೆ ನನ್ನ ಹೆದರಿಕೆ ಹೋಯಿತು. ಅಲ್ಲಿಯವರೆಗೆ ವೈನ್ ಎಂದರೆ ಬೇರೆಯವರ ಭಾಷೆಯ ಪರೀಕ್ಷೆ ಎನಿಸುತ್ತಿತ್ತು. ಆಮೇಲೆ ಓದಿದಾಗ ಇನ್ನೊಂದು ಸಂಗತಿ ತಿಳಿಯಿತು. ಆರು ರುಚಿಗಳ ಪಟ್ಟಿಯಲ್ಲಿ ನಾವು ಒಗರಿಗೂ ಜಾಗ ಕೊಟ್ಟಿದ್ದೇವೆ, ಆದರೆ ಈಗಿನ ವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ರುಚಿ ಎನ್ನುವುದಕ್ಕಿಂತ ಸ್ಪರ್ಶ ಎನ್ನುತ್ತಾರೆ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಿಂದ ಬರುವ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನುಗಳನ್ನು ಹಿಡಿದು ಗಟ್ಟಿ ಮಾಡುತ್ತದೆ, ಬಾಯಿಯ ಜಾರುತನ ಹೋಗಿ ತರಿತರಿ ಅನುಭವ ಉಳಿಯುತ್ತದೆ. ಬಿಳಿ ವೈನಿಗೆ ಸಿಪ್ಪೆಯನ್ನು ಬೇಗ ಬೇರ್ಪಡಿಸಿ ರಸವನ್ನಷ್ಟೇ ಹುಳಿಯಲು ಬಿಡುವುದರಿಂದ ಅಲ್ಲಿ ಒಗರು ಕಡಿಮೆ. ವರ್ಷಗಳು ಕಳೆದಂತೆ ಈ ಟ್ಯಾನಿನ್ನುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಒಂದಷ್ಟು ಬಾಟಲಿಯ ತಳದಲ್ಲಿ ಗಸಿಯಾಗಿ ಕೂರುತ್ತವೆ, ವೈನ್ ಮೆತ್ತಗಾಗುತ್ತದೆ. ಬೈದು ಬೈದು ಸುಸ್ತಾದ ಹಿರಿಯರ ಹಾಗೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಅದರ ಮೊದಲ ಇಪ್ಪತ್ತು ಪುಟ ನೋಡಿದರೆ ಈಗ ನಗು ಬರುತ್ತದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಆ್ಯನ್ ನೋಬಲ್ ಎಂಬ ವಿಜ್ಞಾನಿ ವೈನಿನ ಪರಿಮಳಗಳ ಒಂದು ಚಕ್ರ ಮಾಡಿದ್ದರು. ನಡುವೆ ಹಣ್ಣು, ಹೂವು, ಮಸಾಲೆ, ಮಣ್ಣು ಎಂಬ ದೊಡ್ಡ ವರ್ಗಗಳು, ಅಂಚಿಗೆ ಹೋದಂತೆ ನಿರ್ದಿಷ್ಟ ಹೆಸರುಗಳು. ಅದನ್ನು ಗೋಡೆಗೆ ಅಂಟಿಸಿಕೊಂಡು, ಒಂದು ಗುಟುಕಿಗೆ ಐದು ಹೆಸರು ಎಂದು ಲೆಕ್ಕ ಹಾಕಿ ಬರೆಯುತ್ತಿದ್ದೆ. ನಾನು ಎಂದೂ ಮೂಸಿರದ ಹಣ್ಣುಗಳೂ ಆ ಪುಟಗಳಲ್ಲಿವೆ! ಚಕ್ರದ ತಪ್ಪಲ್ಲ ಅದು. ಎಲ್ಲರಿಗೂ ಸಿಗುವ ವಾಸನೆಯ ಹೆಸರು ಹೇಳಿ, ಬರೀ 'ಸೊಗಸಾಗಿದೆ' ಎಂದು ಬರೆದು ಕೈ ತೊಳೆದುಕೊಳ್ಳಬೇಡಿ ಎಂಬುದೇ ಅದರ ಉದ್ದೇಶವಾಗಿತ್ತು. ನಾನು ಅದನ್ನು ಕಾಪಿ ಹೊಡೆಯುವ ಚೀಟಿ ಮಾಡಿಕೊಂಡಿದ್ದೆ.

ಅದನ್ನು ಬಿಡಿಸಿದ್ದು ಅಮ್ಮ. ಅಮ್ಮ ಕುಡಿಯುವವಳಲ್ಲ. ಒಂದು ಸಂಜೆ ನಾನು ಸಾಕಷ್ಟು ಹಳೆಯದಾದ ಕೆಂಪು ವೈನ್ ಒಂದನ್ನು ಗ್ಲಾಸಿಗೆ ಸುರಿದುಕೊಂಡು, 'ತೊಗಲು, ಸೀಡರ್ ಮರ, ಹೊಗೆಸೊಪ್ಪು' ಎಂದು ಬರೆಯುತ್ತ ಕೂತಿದ್ದೆ. ಪಕ್ಕದಲ್ಲಿ ಬಂದು ನಿಂತಳು.

'ಕೊಡಿಲ್ಲಿ, ಕುಡಿಯಲ್ಲ, ಮೂಸಿ ನೋಡ್ತೀನಿ.'

ಮೂಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ನಿಮ್ಮಜ್ಜನ ಟ್ರಂಕು ತೆಗೆದ ಹಾಗಿದೆ ಕಣೋ' ಎಂದು ಗ್ಲಾಸು ವಾಪಸು ಕೊಟ್ಟು ಹೋದಳು.

ಆ ಟ್ರಂಕಿನಲ್ಲಿ ಅಜ್ಜನ ಬೆಲ್ಟು, ಮರದ ಸ್ಕೇಲು, ಖಾಲಿ ಹೊಗೆಸೊಪ್ಪಿನ ಡಬ್ಬಿ ಇದ್ದವು. ನಾನು ಮೂರು ಪದಗಳಲ್ಲಿ ಬರೆದದ್ದನ್ನು ಅವಳು ಒಂದು ವಸ್ತುವಿನಲ್ಲಿ ಹೇಳಿದ್ದಳು, ಜೊತೆಗೆ ಒಬ್ಬ ಮನುಷ್ಯನನ್ನೂ ತಂದಿದ್ದಳು. ಮತ್ತೆ ಮೂಗಿಟ್ಟು ನೋಡಿದೆ. ಈಗ ನನಗೂ ಅಜ್ಜನೇ ಸಿಕ್ಕಿದ. ಇದು ಬರೀ ಭಾವುಕತೆಯಲ್ಲ: ಬೇರೆ ಇಂದ್ರಿಯಗಳ ಸುದ್ದಿ ಥಲಾಮಸ್ ಎಂಬ ನಿಲ್ದಾಣ ಹಾದು ಮೆದುಳಿನ ಮೇಲ್ಪದರ ತಲುಪಿದರೆ, ವಾಸನೆ ಆ ನಿಲ್ದಾಣಕ್ಕೆ ಕಾಯದೆ ಭಾವನೆ, ನೆನಪುಗಳ ಕೇರಿಗೆ ನೇರ ನುಗ್ಗುತ್ತದೆ. ಹೆಸರು ಹೊಳೆಯುವ ಮೊದಲೇ ಎದೆಯೊಳಗೆ ಏನೋ ಅಲುಗುವುದು ಅದಕ್ಕೇ ಇರಬೇಕು.

ಅಂದಿನಿಂದ ಕ್ರಮ ಬದಲಾಯಿಸಿದೆ. ಗ್ಲಾಸಿನ ಮೂರನೇ ಒಂದು ಭಾಗದಷ್ಟೇ ವೈನ್. ಮೊದಲು ಅಲುಗಾಡಿಸದೆ, ಕಣ್ಣು ಮುಚ್ಚಿ ಒಂದು ಉಸಿರು. ಹಣ್ಣಿನ ಹೆಸರು ಹುಡುಕಬಾರದು, ಯಾವ ಜಾಗ, ಯಾವ ಹೊತ್ತು, ಯಾರು ಎಂದು ಕೇಳಿಕೊಳ್ಳಬೇಕು, ಬಂದದ್ದನ್ನು ಬರೆದುಬಿಡಬೇಕು. ಆಮೇಲೆ ಗ್ಲಾಸು ತಿರುಗಿಸಿ ಮತ್ತೆ ಮೂಸುವುದು. ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ನುಂಗಿ, ಮೂಗಿನಿಂದ ಉಸಿರು ಬಿಟ್ಟರೆ ಗಂಟಲ ಹಿಂದಿನಿಂದ ಇನ್ನೊಂದು ಘಮ ಏರುತ್ತದೆ, ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಅದರದ್ದೇ. ಹೆಸರುಗಳೆಲ್ಲ ಕೊನೆಗೆ. ಕೆಲವು ಹೆಸರುಗಳು ಬರೀ ಹೋಲಿಕೆಯೂ ಅಲ್ಲ. ಸಿರಾ ದ್ರಾಕ್ಷಿಯ ವೈನಿನಲ್ಲಿ ಕಾಳುಮೆಣಸು ಸಿಕ್ಕಿತು ಎಂದರೆ ಅದು ಕವಿತೆಯಲ್ಲ, ರೊಟಂಡೋನ್ ಎಂಬ ಒಂದೇ ಸಂಯುಕ್ತ ಎರಡರಲ್ಲೂ ಇದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಅದನ್ನು 2008ರಲ್ಲಿ ಪ್ರಕಟಿಸಿದರು.

ಇಲ್ಲೊಂದು ಮಾತು. ವೈನ್ ಆರೋಗ್ಯಕ್ಕೆ ಒಳ್ಳೆಯದು ಎಂಬ ನೆಪ ನನಗೆ ಬೇಡ. ಯಾವ ಪ್ರಮಾಣದ ಮದ್ಯವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹಲವು ಬಾಟಲಿ ತೆರೆದ ದಿನ ನಾನು ಉಗುಳುತ್ತೇನೆ, ವೃತ್ತಿಯವರೂ ಹಾಗೇ ಮಾಡುತ್ತಾರೆ. ಮೂರನೇ ಗ್ಲಾಸಿನ ಹೊತ್ತಿಗೆ ಮೂಗು ಮಂಕಾಗಿ ಬಾಯಿ ಜೋರಾಗುತ್ತದೆ. ಅದು ಬೇರೆ ಆಟ.

ನೋಟ್‌ಬುಕ್ ತುಂಬಿದ ಮೇಲೆ ಸಣ್ಣ ಗರ್ವ ಬಂದಿತ್ತು. ಅದು ಹೋದದ್ದು ಕಾಗದ ಸುತ್ತಿದ ಬಾಟಲಿಗಳಿಂದ. ನಾವು ನಾಲ್ವರು ಗೆಳೆಯರು, ತಿಂಗಳಿಗೊಮ್ಮೆ, ಯಾವ ಬಾಟಲಿ ಯಾವುದೆಂದು ತಿಳಿಯದ ಹಾಗೆ ಮುಚ್ಚಿ ಕುಡಿಯುತ್ತಿದ್ದೆವು. ಒಂದು ಸಲ ನಾನು ಎರಡು ನಿಮಿಷ ಹಾಡಿ ಹೊಗಳಿದ ವೈನು ಆ ಮೇಜಿನ ಮೇಲಿದ್ದುದರಲ್ಲೇ ಅಗ್ಗದ್ದು, ಮುಖ ಸಿಂಡರಿಸಿದ್ದು ನಾನೇ ತಂದದ್ದು! ಮನೆಗೆ ಹೋಗುವವರೆಗೂ ಗೆಳೆಯರು ಬಿಡಲಿಲ್ಲ. ಸಮಾಧಾನಕ್ಕೆಂದು ಹುಡುಕಿದಾಗ ನನಗಿಂತ ದೊಡ್ಡವರು ಬಿದ್ದ ಕಥೆಗಳು ಸಿಕ್ಕವು. ವೈನಿಗೆ ಹೆಸರಾದ ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿನ ಪದಗಳಲ್ಲೇ ಬಣ್ಣಿಸಿದರು. 2001ರಲ್ಲಿ ಬಂದ ಅಧ್ಯಯನ ಅದು. 2008ರ ಇನ್ನೊಂದು ಪ್ರಯೋಗದಲ್ಲಿ ಒಂದೇ ವೈನಿಗೆ ಎರಡು ಬೆಲೆ ಹೇಳಿ ಕುಡಿಸಿದರು. ಹೆಚ್ಚಿನ ಬೆಲೆ ಕೇಳಿದಾಗ ಜನ ಹೆಚ್ಚು ಇಷ್ಟಪಟ್ಟರು, ಮೆದುಳಿನಲ್ಲಿ ಸುಖಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾಗಿತ್ತು.

ಇದನ್ನೆಲ್ಲ ಓದಿ 'ನೋಡಿ, ಎಲ್ಲ ಬೂಟಾಟಿಕೆ' ಎನ್ನುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಬೆಲೆ ಕೇಳಿ ಅವರು ಸುಳ್ಳು ಹೇಳಿದರು ಎಂದು ನಂಬಲು ನನಗೆ ಕಾರಣ ಕಾಣುತ್ತಿಲ್ಲ, ಸುಖವೇ ಬದಲಾಯಿತು. ಬೆಲೆ ಎಂಬ ಬಡಕಲು ಕಥೆಯೇ ಇಷ್ಟು ಮಾಡುವುದಾದರೆ ನಿಜವಾದ ಕಥೆ ಇನ್ನೆಷ್ಟು ಮಾಡಬಹುದು? ಹಾಗಾಗಿ ಎರಡು ಸುತ್ತು ಶುರು ಮಾಡಿದೆವು. ಮೊದಲು ಕಾಗದ ಸುತ್ತಿ, ಆಮೇಲೆ ಕಾಗದ ಬಿಚ್ಚಿ, ಆ ವೈನಿನ ಕಥೆ ಹೇಳಿ.

ಕಾರ್ಮನೇರ್ ಎಂಬ ದ್ರಾಕ್ಷಿಯ ಕಥೆ ನನಗೆ ಅಚ್ಚುಮೆಚ್ಚು. ಮೂಲತಃ ಬೋರ್ಡೋದ ತಳಿ. 19ನೇ ಶತಮಾನದ ಮಧ್ಯದಲ್ಲಿ ಅದರ ಕಡ್ಡಿಗಳು ಬೇರೆ ತಳಿಗಳ ಜೊತೆ ಚಿಲಿ ದೇಶಕ್ಕೆ ಹೋದವು. ಆಮೇಲೆ ಉತ್ತರ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಯುರೋಪಿನ ಬಳ್ಳಿಗಳ ಬೇರು ಹೀರಿ ತೋಟಗಳನ್ನೇ ನಾಶ ಮಾಡಿತು. ಅಮೆರಿಕದ ಬೇರುಗಳಿಗೆ ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಿದರಾದರೂ ಈ ತಳಿಯನ್ನು ಮತ್ತೆ ನೆಟ್ಟವರು ತೀರಾ ಕಡಿಮೆ. ಹುಟ್ಟಿದೂರಲ್ಲಿ ಹೆಚ್ಚುಕಡಿಮೆ ಅಳಿದೇ ಹೋಗಿದ್ದ ಬಳ್ಳಿ, ಚಿಲಿಯಲ್ಲಿ ಮೆರ್ಲೋ ಎಂಬ ಬೇರೊಂದು ತಳಿಯ ಹೆಸರಿನಲ್ಲಿ ಬದುಕಿಕೊಂಡಿತ್ತು. 1994ರಲ್ಲಿ ಅಲ್ಲಿಗೆ ಹೋದ ಫ್ರೆಂಚ್ ತಳಿತಜ್ಞ ಜಾನ್-ಮಿಷೆಲ್ ಬೂರ್ಸಿಕೋ ಅದನ್ನು ಗುರುತು ಹಿಡಿದರು. ಮೊದಲ ಸುತ್ತಿನಲ್ಲಿ ನಾನು ಅದಕ್ಕೆ 'ಹಸಿ ದೊಣ್ಣೆಮೆಣಸಿನಕಾಯಿ, ಅಷ್ಟಕ್ಕಷ್ಟೆ' ಎಂದು ಬರೆದಿದ್ದೆ. ಕಥೆ ಕೇಳಿದ ಮೇಲೂ ದೊಣ್ಣೆಮೆಣಸಿನಕಾಯಿ ಹೋಗಲಿಲ್ಲ. ಆದರೆ ಅದೇ ಹಸಿ ವಾಸನೆ ಈಗ, ಬೇರೆ ಹೆಸರಿಟ್ಟುಕೊಂಡು ಬದುಕಿದವನ ಮೈಮೇಲಿನ ಮಚ್ಚೆಯ ಹಾಗೆ ಕಂಡಿತು.

ಜಾರ್ಜಿಯಾ ದೇಶದ ವೈನ್ ಬಂದ ದಿನ ನಮ್ಮ ಕೂಟದ ಸ್ವರೂಪವೇ ಬದಲಾಯಿತು. ಅಲ್ಲಿನ ಮಡಕೆ ಚೂರುಗಳಲ್ಲಿ ಸುಮಾರು 8,000 ವರ್ಷ ಹಿಂದಿನ ವೈನಿನ ಕುರುಹು ಸಿಕ್ಕಿದೆ. ಕತ್ತಿನವರೆಗೆ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಗುಡಾಣಗಳಲ್ಲಿ ವೈನ್ ಮಾಡುವುದು ಈಗಲೂ ಇದೆ. ಕ್ವೆವ್ರಿ ಎನ್ನುತ್ತಾರೆ, ಯುನೆಸ್ಕೊ 2013ರಲ್ಲಿ ಈ ವಿಧಾನವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಬಿಳಿ ದ್ರಾಕ್ಷಿಯನ್ನೂ ಸಿಪ್ಪೆಯ ಸಮೇತ ತಿಂಗಳುಗಟ್ಟಲೆ ಬಿಡುವುದರಿಂದ ವೈನು ಜೇನಿನ ಬಣ್ಣಕ್ಕೆ ತಿರುಗುತ್ತದೆ, ಬಿಳಿಯದಾದರೂ ಒಗರಿರುತ್ತದೆ. ನನ್ನ ಹಳೆಯ ಗೆಳೆಯ! ಅವರ ಔತಣದಲ್ಲಿ ತಮಾದಾ ಎಂಬ ಹಿರಿಯನೊಬ್ಬ ಇರುತ್ತಾನಂತೆ. ಒಂದೊಂದು ಸಲ ಲೋಟ ಎತ್ತುವ ಮೊದಲೂ ಅವನು ಮಾತಾಡಬೇಕು: ತೀರಿಹೋದವರ ಬಗ್ಗೆ, ಮಕ್ಕಳ ಬಗ್ಗೆ, ಶಾಂತಿಯ ಬಗ್ಗೆ. ಹಳೆಯ ಗ್ರೀಕರೂ ವೈನಿಗೆ ನೀರು ಬೆರೆಸಿಯೇ ಕುಡಿಯುತ್ತಿದ್ದರು, ಎಷ್ಟು ನೀರು ಎಂದು ಹೇಳಲು ಕೂಟಕ್ಕೊಬ್ಬ ಯಜಮಾನ. ಮಾತು ಮುಂದುವರಿಯಬೇಕು, ಜನ ಉರುಳಬಾರದು, ಲೆಕ್ಕ ಅಷ್ಟೇ ಇದ್ದೀತು.

ನಾವೂ ಆ ತಮಾದಾನನ್ನು ಎರವಲು ತಂದೆವು. ಪ್ರತಿ ಬಾಟಲಿಗೆ ಒಬ್ಬರ ಸರದಿ. ಮೊದಲು ಎಲ್ಲರಿಗೂ ನಾಚಿಕೆ, ಜೋಕು ಹೊಡೆದು ಜಾರಿಕೊಳ್ಳುವುದು. ಮೂರನೇ ತಿಂಗಳು, ಯಾವತ್ತೂ ಹೆಚ್ಚು ಮಾತಾಡದ ಗೆಳೆಯ ತನ್ನ ಸರದಿ ಬಂದಾಗ ಗ್ಲಾಸು ಹಿಡಿದು ಎದ್ದು ನಿಂತ. ಬಹಳ ಹೊತ್ತು ನಿಂತ. 'ಅಣ್ಣನಿಗೆ' ಎಂದ. ಅವನಿಗೊಬ್ಬ ಅಣ್ಣನಿದ್ದ ಎಂದೇ ನಮಗೆ ಗೊತ್ತಿರಲಿಲ್ಲ. ಆ ವೈನು ಹೇಗಿತ್ತು ಎಂದು ನೋಟ್‌ಬುಕ್ಕಿನಲ್ಲಿ ಇಲ್ಲ.

ಕೆಲಸದ ಮೇಲೆ ದೂರ ಹೋದ ಆ ಗೆಳೆಯ ವಾಪಸು ಬಂದಾಗ ತೆರೆಯೋಣ ಎಂದು ಒಂದು ಒಳ್ಳೆಯ ಬಾಟಲಿಯನ್ನು ಆರು ವರ್ಷ ಇಟ್ಟಿದ್ದೆ. ಕತ್ತಲಲ್ಲಿ, ತಂಪಿನಲ್ಲಿ, ಕಾರ್ಕ್ ಒಣಗದ ಹಾಗೆ ಮಲಗಿಸಿ. ಅವನು ಬಂದ, ನಾಲ್ವರೂ ಕೂತೆವು, ಬಿರಡೆ ಎಳೆದೆ. ಮೂಗಿಗೆ ಹೊಡೆದದ್ದು ಮುಗ್ಗು ವಾಸನೆ. ಕಾರ್ಕಿನ ದೋಷ. ಬೂಷ್ಟಿನಿಂದ ಹುಟ್ಟುವ ಟಿಸಿಎ ಎಂಬ ಸಂಯುಕ್ತ, ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಪಾಲು ಸೇರಿದರೂ ಹಣ್ಣಿನ ಘಮವನ್ನೆಲ್ಲ ನುಂಗಿಹಾಕುತ್ತದೆ. ಗಾಳಿಗಿಟ್ಟರೂ ಹೋಗುವುದಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕವನು ಅವನೇ.

ಅಮ್ಮ ಒಳಗಿಂದ ಬಂದು ಎಂದಿನಂತೆ ಗ್ಲಾಸು ಕೇಳಿ ಮೂಸಿದಳು.

'ಇದೂ ಟ್ರಂಕೇ' ಎಂದಳು, 'ಆದ್ರೆ ಮಳೆ ನೀರು ನುಗ್ಗಿತ್ತಲ್ಲ, ಆ ವರ್ಷದ್ದು.'

ಆ ದಿನದ ಪುಟದಲ್ಲಿ ಅದನ್ನೇ ಬರೆದಿದ್ದೇನೆ.