ಮಾಗಡಿ ಕೆರೆಯಲ್ಲಿ ಮೂಡಗಾಳಿಗೆ ಬೆನ್ನು ಕೊಟ್ಟು

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಸುತ್ತ ಬರೀ ಬಯಲು. ಜನವರಿಯ ನಸುಕಿನಲ್ಲಿ ಮೂಡಗಾಳಿ ಎದ್ದರೆ ದುರ್ಬೀನು ಹಿಡಿದ ಬೆರಳು ಮರಗಟ್ಟುತ್ತದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗಾಗಿ ನಾನು ಪ್ರತಿ ಚಳಿಗಾಲ ಅಲ್ಲಿಗೆ ಹೋಗುತ್ತೇನೆ.

ಮೊದಲ ಎರಡು ವರ್ಷ ಪಡುವಣ ದಂಡೆಯಲ್ಲಿ ಕೂತೆ. ಬಿಸಿಲು ನೇರ ಕಣ್ಣಿಗೆ. ನೀರ ಮೇಲಿನ ಬಾತುಗಳೆಲ್ಲ ಕಪ್ಪು ಚುಕ್ಕಿ. ಗಾಳಿ ಎದುರಾಗಿ ಕಣ್ಣು ಒದ್ದೆ. ಒಂದು ದಿನ ಪಕ್ಕದ ಕಡಲೆ ಹೊಲದ ಅಜ್ಜ ಕೇಳಿದರು: ‘ತಮ್ಮಾ, ರಾಶಿ ತೂರುವವನು ಮೊದಲು ಗಾಳಿ ನೋಡುತ್ತಾನೆ. ಹಕ್ಕಿಯೂ ಅಷ್ಟೇ, ಗಾಳಿಗೆ ಮುಖ ಮಾಡಿಯೇ ಇಳಿಯುತ್ತದೆ. ನೀನೇಕೆ ಅದರ ಬೆನ್ನು ನೋಡುತ್ತಾ ಕೂತಿದ್ದೀಯ?’

ಮರುದಿನ ಮೂಡಣ ದಂಡೆಗೆ ಹೋದೆ. ಸೂರ್ಯ ಬೆನ್ನಿಗೆ, ಗಾಳಿಯೂ ಬೆನ್ನಿಗೆ. ರಾತ್ರಿ ಹೊಲಗಳಲ್ಲಿ ಮೇದ ಹೆಬ್ಬಾತುಗಳು ಬಿಸಿಲೇರುವ ಹೊತ್ತಿಗೆ ಸಾಲುಸಾಲಾಗಿ ಮರಳಿದವು. ಕೆರೆಯ ಮೇಲೆ ಒಂದು ಸುತ್ತು ಹಾಕಿ, ರೆಕ್ಕೆ ಬಾಗಿಸಿ, ಕಿತ್ತಳೆ ಕಾಲು ಮುಂದೆ ಚಾಚಿ, ನನ್ನತ್ತಲೇ ಮುಖ ಮಾಡಿ ಇಳಿದವು. ಇಳಿದ ಮೇಲೆ ತಲೆ ಹೊರಳಿಸಿದಾಗ ಬಿಳಿ ನೆತ್ತಿಯ ಹಿಂದಿನ ಎರಡು ಕಪ್ಪು ಪಟ್ಟೆ ಸ್ಪಷ್ಟ. ಅಷ್ಟು ದೂರ ಹಾರಿ ಬಂದ ಜೀವದ ಕಣ್ಣನ್ನು ಎದುರಿನಿಂದ ನೋಡಿದ್ದು ಅಂದೇ ಮೊದಲು.

ಟೆಲಿಸ್ಕೋಪಿನ ವಿಷಯ ಹೇಳಲೇಬೇಕು. ಗಾಳಿಯಲ್ಲಿ 60 ಪಟ್ಟು ಹಿಗ್ಗಿಸಿದರೆ ಚಿತ್ರವೆಲ್ಲ ನಡುಗುತ್ತದೆ; 25ಕ್ಕೆ ಇಳಿಸುತ್ತೇನೆ. ಟ್ರೈಪಾಡಿನ ಕಾಲು ಎಳೆಯದೆ ಕುಳ್ಳಗಿಟ್ಟು, ನೆಲಕ್ಕೆ ಕೂತು, ನಡುಗಂಬಕ್ಕೆ ನೀರಿನ ಬಾಟಲಿ ತುಂಬಿದ ಚೀಲ ತೂಗುಹಾಕುತ್ತೇನೆ. ಇನ್ನೊಂದು ಉಪಕಾರ: ನೆಲಕ್ಕೆ ಕೂತವನನ್ನು ಹಕ್ಕಿ ಬೇಗ ನಂಬುತ್ತದೆ.

ಎಣಿಕೆಗೆ ಹತ್ತು ಹಕ್ಕಿಯನ್ನು ಒಂದೊಂದಾಗಿ ಎಣಿಸಿ, ಆ ಗುಂಪಿನ ಅಗಲ ಕಣ್ಣಿನಲ್ಲಿಟ್ಟುಕೊಂಡು ಹತ್ತು ಹತ್ತಾಗಿ ಮುಂದೆ ಸಾಗುತ್ತೇನೆ. ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. ನಡುವೆ ಜೌಗು ಸೆಳೆವ ಎಂಬ ಬೇಟೆಹಕ್ಕಿ ತೇಲಿ ಬಂದರೆ ಇಡೀ ಕೆರೆ ಮೇಲೇಳುತ್ತದೆ. ಆಗ ಬರೆದದ್ದನ್ನು ಹೊಡೆದುಹಾಕಿ ಮತ್ತೆ ಮೊದಲಿನಿಂದ ಶುರು. ಅರ್ಧಕ್ಕೆ ನಿಂತ ಎಣಿಕೆಯನ್ನು ಊಹೆಯಿಂದ ಪೂರ್ಣಗೊಳಿಸುವುದು ನನಗೆ ಒಪ್ಪುವುದಿಲ್ಲ. ಜನವರಿಯ ಏಷ್ಯಾ ಜಲಪಕ್ಷಿ ಗಣತಿಗೆ ಕೊಡುವ ಸಂಖ್ಯೆ ಅದು.

2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಆದರೂ ಎಣಿಕೆ ಮುಗಿದ ಕೂಡಲೇ ನಾನು ಮೊದಲು ಸಂಖ್ಯೆ ಹೇಳುವುದು ಅಜ್ಜನಿಗೆ. ಹೆಬ್ಬಾತುಗಳು ಮೇಯುವುದು ಅವರ ಕಡಲೆಯನ್ನು. ಅವರು ಇಂದಿಗೂ ಅವುಗಳ ಮೇಲೆ ಕಲ್ಲೆತ್ತಿಲ್ಲ.