ಬೆಲೆ ಚೀಟಿಯಿಂದ ಕೋಣೆಯ ಮೂಲೆಯವರೆಗೆ: ರಿಯಾಯಿತಿ ಮಳಿಗೆಯಲ್ಲಿ ಪೀಠೋಪಕರಣ ಕೊಳ್ಳುವುದು ಹೇಗೆ?

ತಂಗಿಯ ಮನೆಗೆ ತಂದ ಸೋಫಾ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೂವರು ಕೂರುವ, ಏಳು ಅಡಿ ಉದ್ದದ ಸೋಫಾ. ತಿರುವಿನ ಅಗಲ ಮೂರೇ ಅಡಿ. ಹೊತ್ತು ತಂದಿದ್ದ ಇಬ್ಬರು ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು, ಕಂಬಿಯ ಮೇಲಕ್ಕೆತ್ತಿ ಓರೆಯಾಗಿ ತೂರಿಸಲು ನೋಡಿದರು. ಆಗಲಿಲ್ಲ. ಕೊನೆಗೆ ಇನ್ನಿಬ್ಬರನ್ನು ಕರೆಸಿ, ಹಗ್ಗ ಕಟ್ಟಿ ಬಾಲ್ಕನಿಯಿಂದ ಮೇಲೆಳೆದುಕೊಳ್ಳಬೇಕಾಯಿತು. ಅದಕ್ಕೆ ಬೇರೆಯಾಗಿ 2,500 ರೂಪಾಯಿ ತೆತ್ತೆವು. ಮಳಿಗೆಯವರು ಬೆಲೆ ಇಳಿಸಿದ್ದೇನೋ ನಿಜ. ಆದರೆ ಮೆಟ್ಟಿಲಿನ ಅಗಲವನ್ನು ನಾವೂ ಅಳೆದಿರಲಿಲ್ಲ, ಅವರೂ ಕೇಳಿರಲಿಲ್ಲ.

ಅಂದಿನಿಂದ ನೆಂಟರು ಯಾರೇ ಮಂಚ, ಕಪಾಟು ಕೊಳ್ಳಲು ಹೊರಟರೂ ನಾನು ಅಳತೆ ಟೇಪು ಹಿಡಿದು ಜೊತೆಗೆ ಹೋಗುತ್ತೇನೆ. ಅಗ್ಗದ ದರದ ದೊಡ್ಡ ಮಳಿಗೆಗಳ ಬಗ್ಗೆ ನನಗೆ ತಕರಾರಿಲ್ಲ. ಹೊಸದಾಗಿ ಸಂಸಾರ ಹೂಡುವವರಿಗೆ, ಬಾಡಿಗೆ ಮನೆಯವರಿಗೆ ಅವು ನಿಜಕ್ಕೂ ಉಪಕಾರಿ. ಆದರೆ ಅಲ್ಲಿ ಚೀಟಿಯ ಮೇಲಿರುವುದು ವಸ್ತು ಅಂಗಡಿಯಲ್ಲಿ ನಿಂತಿರುವಾಗಿನ ಬೆಲೆ. ನಾವು ಲೆಕ್ಕ ಹಾಕಬೇಕಾದದ್ದು ಅದು ನಮ್ಮ ಕೋಣೆಯಲ್ಲಿ ನಿಂತಾಗಿನ ಬೆಲೆಯನ್ನು.

ಮೊದಲು ಮನೆಯನ್ನು ಅಳೆಯಿರಿ

ವಸ್ತು ಇಡುವ ಜಾಗ ಎಲ್ಲರೂ ಅಳೆಯುತ್ತಾರೆ. ಅದು ಬರುವ ದಾರಿಯನ್ನು ಅಳೆಯುವವರು ಕಡಿಮೆ. ಗೇಟು, ಮೆಟ್ಟಿಲ ತಿರುವು, ಲಿಫ್ಟಿನ ಬಾಗಿಲು ಮತ್ತು ಒಳಗಿನ ಎತ್ತರ, ಮನೆಯ ಮುಂಬಾಗಿಲು, ಕೋಣೆಯ ಬಾಗಿಲು ಇವಿಷ್ಟನ್ನೂ ಬರೆದುಕೊಳ್ಳಿ. ಬಾಗಿಲನ್ನು ಅಳೆಯುವಾಗ ಚೌಕಟ್ಟಿನ ಒಳ ಅಂಚಿನಿಂದ ಒಳ ಅಂಚಿಗೆ ಟೇಪು ಹಿಡಿಯಿರಿ. ಪೂರ್ತಿ ತೆರೆಯದ ಬಾಗಿಲಾದರೆ ಹಲಗೆಯ ದಪ್ಪವನ್ನೂ ಕಳೆಯಿರಿ.

ಕಪಾಟಿಗೆ ಇನ್ನೊಂದು ಲೆಕ್ಕವಿದೆ. ಬಿಡಿಭಾಗಗಳಾಗಿ ಬರುವ ಕಪಾಟನ್ನು ಸಾಮಾನ್ಯವಾಗಿ ನೆಲದ ಮೇಲೆ ಮಲಗಿಸಿ ಜೋಡಿಸಿ, ಆಮೇಲೆ ಎತ್ತಿ ನಿಲ್ಲಿಸುತ್ತಾರೆ. 84 ಅಂಗುಲ ಎತ್ತರ, 24 ಅಂಗುಲ ಆಳದ ಕಪಾಟಿನ ಕರ್ಣದ ಅಳತೆ ಸುಮಾರು 87 ಅಂಗುಲವಾಗುತ್ತದೆ. ನಿಂತ ಮೇಲೆ ಹಿಡಿಸುವ ಜಾಗದಲ್ಲಿ ಅದನ್ನು ಎತ್ತಿ ನಿಲ್ಲಿಸಲು ಆಗದೇ ಇರಬಹುದು. ನಮ್ಮ ಬಹಳಷ್ಟು ಮಲಗುವ ಕೋಣೆಗಳಲ್ಲಿ ಏಳಡಿಯ ಆಸುಪಾಸಿಗೆ ಸಜ್ಜಾ ಇರುತ್ತದೆ. ಅದರ ಕೆಳಗೆ ಕಪಾಟು ಇಡುವ ಯೋಚನೆ ಇದ್ದರೆ ಈ ಲೆಕ್ಕ ಮರೆಯಬೇಡಿ.

ಅಳೆದ ಮೇಲೆ ಹಳೆಯ ಪತ್ರಿಕೆಗಳನ್ನು ಮಂಚದ ಅಳತೆಗೆ ನೆಲದ ಮೇಲೆ ಹಾಸಿ, ಒಂದು ದಿನ ಅದನ್ನು ಸುತ್ತಿ ಓಡಾಡಿ. ಕಪಾಟಿನ ಬಾಗಿಲು ತೆರೆಯಲು, ಕಸ ಗುಡಿಸಲು ಜಾಗ ಉಳಿಯುತ್ತದೆಯೇ ಎಂಬುದು ತಾನಾಗಿ ಗೊತ್ತಾಗುತ್ತದೆ.

ಮೊದಲ ಭೇಟಿ ನೋಡುವುದಕ್ಕೆ ಮಾತ್ರ

ಬೆಂಗಳೂರಿನ ನಾಗಸಂದ್ರದಲ್ಲಿ 2022ರ ಜೂನ್ 22ರಂದು ಸ್ವೀಡನ್ ಮೂಲದ ಪೀಠೋಪಕರಣ ಕಂಪನಿ ಐಕಿಯಾದ ಮಳಿಗೆ ತೆರೆದಾಗ ಒಳಗೆ ಹೋಗುವುದಕ್ಕೇ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದರು. ಅಂತಹ ದಟ್ಟಣೆಯಲ್ಲಿ ಯಾವ ವಸ್ತುವನ್ನೂ ತಾಳ್ಮೆಯಿಂದ ನೋಡಲಾಗದು. ಇಂದಿಗೂ ದೊಡ್ಡ ಮಳಿಗೆಗಳಿಗೆ ಶನಿವಾರ, ಭಾನುವಾರ ಹೋಗದಿರುವುದು ಒಳ್ಳೆಯದು. ವಾರದ ನಡುವೆ ಬೆಳಿಗ್ಗೆ ಹೋಗಿ. ನಾಗಸಂದ್ರದ ಮಳಿಗೆ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ಇರುವುದರಿಂದ ಮೊದಲ ಸಲ ಮೆಟ್ರೊದಲ್ಲೇ, ಬರಿಗೈಯಲ್ಲಿ ಹೋಗಿ ಬನ್ನಿ ಎನ್ನುತ್ತೇನೆ. ಕಾರು ಇಲ್ಲದಿದ್ದರೆ ಅವಸರಕ್ಕೆ ಬಿದ್ದು ತುಂಬಿಕೊಂಡು ಬರುವ ಆಸೆಯೂ ಇರುವುದಿಲ್ಲ.

ಹಬ್ಬದ ರಿಯಾಯಿತಿಗಿಂತ ನನಗೆ ಆಷಾಢದ ರಿಯಾಯಿತಿ ಮೇಲೆಂದು ಕಂಡಿದೆ. ಆ ತಿಂಗಳು ಹೊಸ ವಸ್ತು ಮನೆಗೆ ತರಬಾರದೆಂದು ಬಹಳ ಜನ ಹಿಂದೆ ಸರಿಯುತ್ತಾರೆ. ಮಳಿಗೆಯವರಿಗೆ ಮಾತನಾಡಲು ಪುರುಸೊತ್ತಿರುತ್ತದೆ, ಚೌಕಾಸಿಗೂ ಬಗ್ಗುತ್ತಾರೆ. ಶಾಸ್ತ್ರ ನೋಡುವವರು ಆಗಲೇ ಬೆಲೆ ಕುದುರಿಸಿ, ಶ್ರಾವಣದಲ್ಲಿ ಮನೆಗೆ ತರಿಸಿಕೊಳ್ಳುವುದೂ ಉಂಟು.

ಮುಂಭಾಗವನ್ನಲ್ಲ, ಹಿಂಭಾಗವನ್ನು ನೋಡಿ

ಈ ಹಂತಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ.

ಚೀಟಿಯ ಮೇಲೆ ‘ಎಂಜಿನಿಯರ್ಡ್ ವುಡ್’ ಎಂದಿದ್ದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಆ ಒಂದು ಹೆಸರಿನೊಳಗೆ ಪಾರ್ಟಿಕಲ್ ಬೋರ್ಡ್, ಎಂಡಿಎಫ್, ಪ್ಲೈವುಡ್ ಎಲ್ಲವೂ ಬರುತ್ತವೆ. ಮರದ ಚೂರು, ಕೆಲವೊಮ್ಮೆ ಕಬ್ಬಿನ ಸಿಪ್ಪೆಯನ್ನು ಅಂಟಿನಲ್ಲಿ ಕಲಸಿ ಒತ್ತಿದ್ದು ಪಾರ್ಟಿಕಲ್ ಬೋರ್ಡ್. ಮರದ ನಾರನ್ನು ಒತ್ತಿದ್ದು ಎಂಡಿಎಫ್. ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದ್ದು ಪ್ಲೈವುಡ್. ಬೆಲೆಯಲ್ಲೂ ಬಾಳಿಕೆಯಲ್ಲೂ ಇವುಗಳ ನಡುವೆ ಬಹಳ ಅಂತರವಿದೆ. ‘ಇದು ಯಾವುದು’ ಎಂದು ಕೇಳಿ, ಉತ್ತರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಕಣ್ಣಾರೆ ನೋಡುವ ದಾರಿಯೂ ಇದೆ. ಒಳಗಿನ ಅಡ್ಡಹಲಗೆಯೊಂದನ್ನು ಹೊರಗೆಳೆದು ಹಿಂದಿನ ಅಂಚು ನೋಡಿ. ಮುಂದಿನ ಅಂಚಿಗೆ ಪಟ್ಟಿ ಅಂಟಿಸಿ, ಹಿಂದಿನದನ್ನು ಹಾಗೆಯೇ ಬಿಟ್ಟಿರುವುದುಂಟು. ಸ್ಕ್ರೂ ಕೂರಿಸಲು ಕೊರೆದ ತೂತಿನೊಳಗೆ ಮೊಬೈಲ್ ಬೆಳಕು ಬಿಟ್ಟರೆ ಒಳಗಿರುವುದು ಪುಡಿಯೋ ಪದರವೋ ತಿಳಿಯುತ್ತದೆ. ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ತಳದ ಅಂಚು ಹೀಗೆಯೇ ತೆರೆದಿತ್ತು. ದಿನವೂ ನೆಲ ಒರೆಸಿದ ನೀರು ತಾಕಿ ತಾಕಿ ಎರಡನೇ ಮಳೆಗಾಲಕ್ಕೆ ಅದು ಚಹಾದಲ್ಲಿ ಅದ್ದಿದ ರಸ್ಕಿನಂತೆ ಉಬ್ಬಿತು. ಬೆರಳಿನಿಂದ ಒತ್ತಿದರೆ ಕಂದು ಪುಡಿ ಉದುರುತ್ತಿತ್ತು. ನೆಲ ಒರೆಸುವ ನಮ್ಮ ಮನೆಗಳಿಗೆ ನೆಲದಿಂದ ಮೂರ್ನಾಲ್ಕು ಅಂಗುಲವಾದರೂ ಮೇಲಿರುವ, ಲೋಹದ ಅಥವಾ ಪ್ಲಾಸ್ಟಿಕ್ಕಿನ ಕಾಲುಗಳಿರುವ ವಸ್ತುವೇ ಸರಿ. ಕರಾವಳಿ, ಮಲೆನಾಡಿನವರಂತೂ ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು.

ಪುಸ್ತಕದ ಕಪಾಟಾದರೆ ಅಡ್ಡಹಲಗೆಯ ಉದ್ದ ನೋಡಿ. 18 ಮಿ.ಮೀ. ದಪ್ಪದ ಪಾರ್ಟಿಕಲ್ ಬೋರ್ಡ್ ಎರಡೂವರೆ ಅಡಿಗಿಂತ ಉದ್ದವಿದ್ದು ನಡುವೆ ಆಸರೆ ಇಲ್ಲದಿದ್ದರೆ ಪುಸ್ತಕದ ಭಾರಕ್ಕೆ ಬಾಗತೊಡಗುತ್ತದೆ. ಡ್ರಾಯರನ್ನು ಪೂರ್ತಿ ಎಳೆದು ಮೆಲ್ಲಗೆ ಒತ್ತಿ ನೋಡಿ. ತಳದ ಹಾಳೆ ಜಗ್ಗಿದರೆ ಬೇಡ. ಸೋಫಾದ ಮೇಲೆ ಹತ್ತು ನಿಮಿಷ ಸಂಕೋಚವಿಲ್ಲದೆ ಕುಳಿತುಕೊಳ್ಳಿ. ಮನೆಯ ಹಿರಿಯರನ್ನು ಕರೆದೊಯ್ದಿದ್ದರೆ ಅವರು ಕೈ ಊರದೆ ಏಳಬಲ್ಲರೇ ನೋಡಿ.

ಮಂಚ ಒಂದು ಕಡೆ, ಹಾಸಿಗೆ ಇನ್ನೊಂದು ಕಡೆ ಕೊಳ್ಳುವವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಕ್ವೀನ್ ಅಳತೆಯೆಂದು ಮಾರುವ 78x60 ಅಂಗುಲದ ಹಾಸಿಗೆ ಸೆಂಟಿಮೀಟರಿನಲ್ಲಿ 198x152. ಕೆಲವು ಮಳಿಗೆಗಳ ಮಂಚ 200x150 ಸೆಂ.ಮೀ. ಅಳತೆಯದು. ಉದ್ದದಲ್ಲಿ ಎರಡು ಸೆಂ.ಮೀ. ಸಂದು, ಅಗಲದಲ್ಲಿ ಎರಡು ಸೆಂ.ಮೀ. ಇಕ್ಕಟ್ಟು.

ಬೆಲೆಯ ಲೆಕ್ಕ

‘ಶೇ 60 ರಿಯಾಯಿತಿ’ ಎಂಬ ಫಲಕ ಏನನ್ನೂ ಹೇಳುವುದಿಲ್ಲ, ಏಕೆಂದರೆ ಹೊಡೆದುಹಾಕಿದ ಹಳೆಯ ಬೆಲೆಯನ್ನು ಬರೆದವರೂ ಅವರೇ. ಅದೇ ಅಳತೆಯ, ಅದೇ ಹಲಗೆಯ ವಸ್ತುವಿಗೆ ಇನ್ನೆರಡು ಮಳಿಗೆಗಳಲ್ಲಿ ಮತ್ತು ಒಬ್ಬ ಬಡಗಿಯ ಬಳಿ ಬೆಲೆ ಕೇಳಿ, ಅದರೊಂದಿಗೆ ಹೋಲಿಸಿ.

ಉದಾಹರಣೆಗೆ, ಚೀಟಿಯಲ್ಲಿ 18,000 ರೂಪಾಯಿ ಇರುವ ಕಪಾಟು ಎಂದುಕೊಳ್ಳಿ. ಮರದ ಪೀಠೋಪಕರಣಕ್ಕೆ ಜಿಎಸ್‌ಟಿ ಶೇ 18. ಚೀಟಿಯಲ್ಲಿ ಅದು ಸೇರಿರದಿದ್ದರೆ 3,240 ರೂಪಾಯಿ ಹೆಚ್ಚಾಯಿತು. ಸಾಗಣೆ 1,200, ಲಿಫ್ಟಿಲ್ಲದ ಎರಡು ಮಹಡಿಗೆ 800, ಜೋಡಣೆಗೆ 900 ಎಂದರೆ ಮೊತ್ತ 24,140. ‘ಉಚಿತ ಸಾಗಣೆ’ ಎಂದರೆ ಗೇಟಿನವರೆಗೋ ಕೋಣೆಯವರೆಗೋ ಎಂದು ಬಾಯಿಬಿಟ್ಟು ಕೇಳಲೇಬೇಕು.

ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವವರು ಇನ್ನೊಂದನ್ನು ಲೆಕ್ಕಕ್ಕೆ ಹಿಡಿಯಬೇಕು. ಪಾರ್ಟಿಕಲ್ ಬೋರ್ಡಿನಲ್ಲಿ ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಮೊದಲಿನಷ್ಟು ಬಿಗಿಯಾಗಿ ಕೂರುವುದಿಲ್ಲ. ಅಂಥವರಿಗೆ ಕಬ್ಬಿಣದ ಬೀರು, ರಬ್ಬರ್ ಮರದ ಮಂಚ ಕೊಂಚ ದುಬಾರಿಯಾದರೂ ಹೊಂದುತ್ತದೆ.

ಬಿಲ್ಲಿನಲ್ಲಿ ಏನಿರಬೇಕು

ಮಳಿಗೆಯ ಕಾಯಂ ವಿಳಾಸ, ಜಿಎಸ್‌ಟಿ ಸಂಖ್ಯೆ, ಮಾದರಿಯ ಹೆಸರು, ಹಲಗೆಯ ಬಗೆ, ಬಣ್ಣ, ತಲುಪಿಸುವ ದಿನಾಂಕ, ವಾರಂಟಿಯ ಅವಧಿ. ಮೈದಾನಗಳಲ್ಲಿ ಶಾಮಿಯಾನ ಹಾಕಿ ನಡೆಸುವ ಪೀಠೋಪಕರಣ ಮೇಳಗಳಲ್ಲಿ ವಿಳಾಸ ಇನ್ನೂ ಮುಖ್ಯ. ಹದಿನೈದು ದಿನಕ್ಕೆ ಶಾಮಿಯಾನ ಕಳಚಿದ ಮೇಲೆ ದೂರು ಹೇಳಲು ಬಾಗಿಲಾದರೂ ಬೇಕಲ್ಲ. ಮುಂಗಡ ಆದಷ್ಟು ಕಡಿಮೆ ಕೊಡಿ.

‘ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಸಾಲು ಬಿಲ್ಲಿನ ಕೆಳಗೆ ಕಂಡರೆ ಹೆದರಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅಷ್ಟೇ. ಆದರೆ ಬಣ್ಣ ಇಷ್ಟವಾಗಲಿಲ್ಲ, ಅಳತೆ ತಪ್ಪಿತು ಎಂಬುದು ದೋಷವಲ್ಲ. ಅದಕ್ಕೆ ಮಳಿಗೆಯ ನಿಯಮವೇ ನಿಯಮ.

ಪೆಟ್ಟಿಗೆ ಬಂದ ದಿನ

ಚಪ್ಪಟೆ ಪೆಟ್ಟಿಗೆಯಲ್ಲಿ ಬಿಡಿಭಾಗ ಕಳಿಸುವ ಪದ್ಧತಿ ಐಕಿಯಾದಲ್ಲಿ 1956ರ ಹೊತ್ತಿಗೆ ಶುರುವಾಯಿತು. ಕಾರಿನಲ್ಲಿ ಹಿಡಿಸಲೆಂದು ಮೇಜಿನ ಕಾಲು ಬಿಚ್ಚಿದ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬ ಅಲ್ಲಿನ ನೌಕರನ ಕೆಲಸ ಅದಕ್ಕೆ ಮೂಲ. ಇಂದು ಒಂದು ಕಪಾಟು ಮೂರು ಪೆಟ್ಟಿಗೆಗಳಲ್ಲಿ ಬರಬಹುದು. ಪ್ರತಿ ಪೆಟ್ಟಿಗೆಯ ಸಂಖ್ಯೆಯನ್ನೂ ಬಿಲ್ಲಿನೊಂದಿಗೆ ತಾಳೆ ನೋಡಿ. ಮೂಲೆ ಜಜ್ಜಿದ್ದರೆ ತಂದವರ ಎದುರಿಗೇ ಫೋಟೊ ತೆಗೆಯಿರಿ. ಒಳಗೆ ನೋಡುವಷ್ಟು ಸಮಯ ಅವರು ಕೊಡದಿದ್ದರೆ, ‘ತೆರೆದು ಪರಿಶೀಲಿಸಿಲ್ಲ’ ಎಂದು ಬರೆದೇ ಸಹಿ ಹಾಕಿ. ಪೆಟ್ಟಿಗೆ ಬಿಚ್ಚುವಾಗ ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿಕೊಳ್ಳಿ.

ಮಕ್ಕಳಿರುವ ಮನೆಯವರಲ್ಲಿ ಒಂದು ವಿನಂತಿ. ಎತ್ತರದ ಕಪಾಟು, ಡ್ರಾಯರ್ ಪೆಟ್ಟಿಗೆಗಳನ್ನು ಗೋಡೆಗೆ ಬಿಗಿಸದೆ ಬಿಡಬೇಡಿ. ಮಗು ಡ್ರಾಯರುಗಳನ್ನು ಮೆಟ್ಟಿಲಾಗಿಸಿಕೊಂಡು ಹತ್ತಿದರೆ ಭಾರ ಮುಂದಕ್ಕೆ ವಾಲುತ್ತದೆ. ಅಮೆರಿಕದಲ್ಲಿ ಹೀಗೆ ಮಕ್ಕಳು ಸತ್ತ ಬಳಿಕ ಐಕಿಯಾ 2016ರಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಪೆಟ್ಟಿಗೆಗಳನ್ನು ಹಿಂಪಡೆಯಬೇಕಾಯಿತು. ಬಾಡಿಗೆ ಮನೆಯ ಗೋಡೆಗೆ ತೂತು ಬೇಡವೆನ್ನುವ ಮಾಲೀಕರಿಗೆ ಕಾರಣ ತಿಳಿಸಿ ಒಪ್ಪಿಸಿ. ಎರಡು ತೂತು ಮುಚ್ಚಲು ಹಿಡಿ ಪುಟ್ಟಿ ಸಾಕು.

ಮಾತು ಉಳಿಸಿಕೊಳ್ಳದಿದ್ದರೆ

ಮೊದಲು ಮಳಿಗೆಗೆ ಫೋಟೊ ಸಮೇತ ಇಮೇಲ್ ಬರೆಯಿರಿ. ಫೋನಿನ ಮಾತಿಗೆ ದಾಖಲೆ ಇರುವುದಿಲ್ಲ. ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಹೇಳಬಹುದು. ಅಲ್ಲೂ ಬಗೆಹರಿಯದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ.

ಜೋಡಿಸಿ ಒಂದು ತಿಂಗಳಾದ ಮೇಲೆ ಎಲ್ಲ ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ. ಉಳಿದ ಸ್ಕ್ರೂ, ಸ್ಕ್ರೂ ತಿರುಗಿಸಲು ಕೊಟ್ಟ ಬಾಗಿದ ಕಡ್ಡಿ (ಆಲೆನ್ ಕೀ), ಜೋಡಣೆಯ ಕಾಗದ, ಬಿಲ್ಲಿನ ಒಂದು ಪ್ರತಿ ಇಷ್ಟನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಪಾಟಿನ ಹಿಂಬದಿಗೆ ಟೇಪಿನಿಂದ ಅಂಟಿಸಿ. ತಂಗಿ ಹೋದ ವರ್ಷ ಮನೆ ಬದಲಿಸಿದಾಗ ಬಿಚ್ಚಲು ಬಂದವರಿಗೆ ಬೇಕಾದದ್ದೆಲ್ಲ ಆ ಚೀಲದಲ್ಲೇ ಸಿಕ್ಕಿತು.