ಸೆಕಿರೊ ಲಾಸ್ಟ್ ಬಾಸ್ ಇಶ್ಶಿನ್: ಓಡೋದು ಬಿಟ್ಟು ಹತ್ರ ನಿಂತು ಹೊಡೆದ ನನ್ನ ಅನುಭವ

ಸೆಕಿರೊ ಗೇಮನ್ನ ಪೂರ್ತಿ ಆಡಿ ಕೊನೆ ಬಾಸ್ (ಅಂದ್ರೆ ಕೊನೇ ದೊಡ್ಡ ಎದುರಾಳಿ) ಹತ್ರ ಬಂದು ಕೈಬಿಟ್ಟವ್ರು ತುಂಬಾ ಜನ ಇದ್ದಾರೆ, ಪುಣೆಯಲ್ಲಿ ನಮ್ಮ ಆಫೀಸಲ್ಲೇ ಇಬ್ರು ಸಿಕ್ತಾರೆ, ಅಷ್ಟು ದೂರ ಬಂದವ್ರು ಕೊನೇ ಮೆಟ್ಟಲಲ್ಲಿ ನಿಂತುಬಿಡೋದು ನೋಡಿದ್ರೆ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ, ಯಾಕಂದ್ರೆ ನಾನು ಆಡಿದ ಗೇಮ್‌ಗಳಲ್ಲೆಲ್ಲ ಇಷ್ಟು ಚೆಂದದ ಲಾಸ್ಟ್ ಫೈಟ್ ಇನ್ನೊಂದಿಲ್ಲ. ಅದಕ್ಕೇ ನಾನು ಹೆಂಗೆ ಹೊಡೆದೆ ಅಂತ ಪೂರ್ತಿ ಬರೀತಿದೀನಿ. ಗೇಮ್ ಬಂದಿದ್ದು 2019ರ ಮಾರ್ಚಲ್ಲಿ, ಮಾಡಿದ್ದು ಫ್ರಮ್‌ಸಾಫ್ಟ್‌ವೇರ್, ಡೈರೆಕ್ಟರ್ ಹಿಡೆಟಾಕಾ ಮಿಯಾಝಾಕಿ, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಗೇಮ್ ಆಫ್ ದಿ ಇಯರ್ ಇದಕ್ಕೇ ಬಂತು. ಇದ್ರಲ್ಲಿ ಈಝಿ ಮೋಡ್ ಅಂತ ಇಲ್ಲ. ಲೆವೆಲ್ ಏರಿಸ್ಕೊಂಡು ಬಂದು ಬಾಸನ್ನ ತುಳಿದುಹಾಕೋ ದಾರಿನೂ ಇಲ್ಲ. ಕಲೀಲೇಬೇಕು.

ಕೊನೆ ಬಾಸ್ ಅಂದ್ರೆ ಇಶ್ಶಿನ್ ಆಶಿನಾ, ಸ್ವೋರ್ಡ್ ಸೇಂಟ್. ಹೀರೋನ ಸಾಕಿದ ಅಪ್ಪ ಔಲ್ ಮಾತು ಕೇಳಿ, ಹೀರೋ ಕಾಪಾಡ್ಬೇಕಾದ ಹುಡುಗ ಕುರೋನ ಬಿಟ್ಟುಕೊಟ್ರೆ ಮಾತ್ರ ಬೇರೆ ದಾರಿ, ಅಲ್ಲಿ ಮುದುಕ ಇಶ್ಶಿನ್ ಸಿಗ್ತಾನೆ, ಉಳಿದ ಮೂರೂ ಎಂಡಿಂಗ್‌ಗೆ ಈ ಯೌವನದ ಇಶ್ಶಿನ್ನೇ. ಮೊದ್ಲು ಇಶ್ಶಿನ್‌ನ ಸಾಕು ಮೊಮ್ಮಗ ಗೆನಿಚಿರೊ ಬರ್ತಾನೆ, ಅವನನ್ನ ಒಂದ್ಸಲ ಮುಗಿಸ್ಬೇಕು, ಆಮೇಲೆ ಇಶ್ಶಿನ್ನ ಮೂರು ಸಲ. ಒಟ್ಟು ನಾಲ್ಕು ಫೇಸ್, ಮಧ್ಯ ಚೆಕ್‌ಪಾಯಿಂಟ್ ಇಲ್ಲ, ನಾಲ್ಕನೇದ್ರಲ್ಲಿ ಸತ್ರೂ ಮತ್ತೆ ಗೆನಿಚಿರೊ ಇಂದಾನೇ ಶುರು.

ಸ್ಟ್ರಾಟೆಜಿಗೆ ಮುಂಚೆ ಒಂದು ವಿಷ್ಯ ಹೇಳ್ಬಿಡ್ತೀನಿ, ಇದನ್ನ ಯಾರೂ ಹೇಳಲ್ಲ. ನಿಮ್ಮ ಟಿವಿ ಸೆಟ್ಟಿಂಗ್ಸ್‌ಗೆ ಹೋಗಿ ಗೇಮ್ ಮೋಡ್ ಆನ್ ಮಾಡಿ. ಸಿನಿಮಾ ಮೋಡಲ್ಲಿ ಟಿವಿ ಪ್ರತಿ ಫ್ರೇಮನ್ನ ನೈಸ್ ಮಾಡಿ ತೋರ್ಸೋಕೆ ಹೋಗಿ ಬಟನ್ ಒತ್ತಿದ್ದಕ್ಕೂ ಸ್ಕ್ರೀನಲ್ಲಿ ಕತ್ತಿ ಎದ್ದಿದ್ದಕ್ಕೂ ನಡುವೆ ಲೇಟ್ ಆಗತ್ತೆ, ಈ ಗೇಮಲ್ಲಿ ಆ ಲೇಟೇ ಸಾವು. ಎರಡನೇದು ಹೆಡ್‌ಫೋನ್. ನಮ್ಮ ರೂಮು ಕರ್ವೆನಗರದಲ್ಲಿ, ನದಿ ಕಡೆಗೆ ಕಿಟಕಿ, ಗಣಪತಿ ಹತ್ರ ಬಂತು ಅಂದ್ರೆ ಸಂಜೆ ಆದ್ಮೇಲೆ ಢೋಲ್-ತಾಶಾ ಪ್ರಾಕ್ಟೀಸ್ ಶುರು, ಟಿವಿ ಸ್ಪೀಕರ್ ಏನೂ ಕೇಳಲ್ಲ. ನಾನು ಕಂಟ್ರೋಲರ್‌ಗೇ ವೈರ್ ಇರೋ ಇಯರ್‌ಫೋನ್ ಚುಚ್ಕೊಂಡು ಆಡ್ತಿದ್ದೆ, ಬ್ಲೂಟೂತ್ ಅಲ್ಲ, ಅದ್ರಲ್ಲೂ ಸೌಂಡ್ ಲೇಟ್ ಬರತ್ತೆ. ಸೌಂಡ್ ಯಾಕೆ ಅಷ್ಟು ಮುಖ್ಯ ಅಂದ್ರೆ ಎಲ್ ಒನ್ (ಗಾರ್ಡ್ ಬಟನ್) ಸರಿಯಾದ ಟೈಮಿಗೆ ಒತ್ತಿ ಡಿಫ್ಲೆಕ್ಟ್ ಆದ್ರೆ, ಅಂದ್ರೆ ಎದುರಾಳಿ ಏಟನ್ನ ಕತ್ತಿಯಲ್ಲಿ ತಳ್ಳಿಹಾಕಿದ್ರೆ, ಟಣ್ ಅಂತ ಚೂಪಾದ ಶಬ್ದ ಬಂದು ಕಿತ್ತಳೆ ಬಣ್ಣದ ಕಿಡಿ ಹಾರತ್ತೆ, ಬರೀ ಬ್ಲಾಕ್ ಆದ್ರೆ ಶಬ್ದ ಮಂಕಾಗಿರತ್ತೆ. ಕಣ್ಣು ಇಶ್ಶಿನ್ ಕೈ ಮೇಲಿರ್ಬೇಕು, ನಿಮ್ಮ ಟೈಮಿಂಗ್ ಸರಿ ಇದ್ಯಾ ಅಂತ ಕಿವಿ ಹೇಳ್ಬೇಕು.

ಈಗ ಅಸಲಿ ವಿಷ್ಯ. ಈ ಫೈಟಲ್ಲಿ ನೀವು ನೋಡ್ಬೇಕಾಗಿರೋದು ಅವನ ಹೆಲ್ತ್‌ಗಿಂತ ಪೋಶ್ಚರ್ ಬಾರ್, ಅಂದ್ರೆ ಅವನ ಸಮತೋಲನದ ಮೀಟರ್, ಅದು ತುಂಬಿದ್ರೆ ಅವನನ್ನ ಮುಗಿಸೋ ಚಾನ್ಸ್ ಸಿಗತ್ತೆ. ಅವನು ಹೊಡೆದ ಪ್ರತಿ ಏಟನ್ನ ನೀವು ಡಿಫ್ಲೆಕ್ಟ್ ಮಾಡಿದ್ರೆ ಅವನ ಪೋಶ್ಚರ್ ಏರತ್ತೆ, ಅಂದ್ರೆ ಅವನು ನಿಮ್ಮ ಮೇಲೆ ಏರಿ ಬರೋ ಹೊತ್ತೇ ನೀವು ಗೆಲ್ಲೋ ಹೊತ್ತು, ದೂರ ಓಡಿದ್ರೆ ಅವನ ಬಾರ್ ಇಳಿದು ನೀವು ಕಷ್ಟಪಟ್ಟಿದ್ದೆಲ್ಲ ನೀರಲ್ಲಿ ಹೋಮ. ಇನ್ನೊಂದು, ಹೆಲ್ತ್ ಜಾಸ್ತಿ ಇದ್ದಾಗ ಪೋಶ್ಚರ್ ಬೇಗ ವಾಪಸ್ ಇಳಿಯತ್ತೆ, ಹೆಲ್ತ್ ಕಮ್ಮಿ ಆದಂಗೆ ನಿಧಾನ ಆಗತ್ತೆ. ಅದಕ್ಕೆ ಪ್ರತಿ ಫೇಸ್‌ನ ಶುರುವಿನಲ್ಲಿ ಸಿಕ್ಕ ಸಿಕ್ಕ ಚಾನ್ಸಲ್ಲಿ ಒಂದೊಂದು ಏಟು ಹಾಕಿ ಹೆಲ್ತ್ ಅರ್ಧಕ್ಕೆ ತಂದ್ಕೊಳಿ, ಆಮೇಲೆ ಬರೀ ಡಿಫ್ಲೆಕ್ಟ್ ಮೇಲೇ ಪೋಶ್ಚರ್ ತುಂಬಿಸ್ಬೋದು. ನಿಮ್ಮ ಬಾರ್ ಪೂರ್ತಿ ತುಂಬಿದ್ರೂ ಗಾಬರಿ ಬೇಡ, ಸರಿಯಾದ ಡಿಫ್ಲೆಕ್ಟ್ ಮಾಡಿದ್ರೆ ಬಾರ್ ತುಂಬಿದ್ರೂ ಒಡೆಯಲ್ಲ, ಬ್ಲಾಕ್ ಆದ್ರೆ ಒಡೆಯತ್ತೆ. ಮತ್ತೆ ಎಲ್ ಒನ್‌ನ ಟಕಟಕ ಅಂತ ಸುಮ್ನೆ ಒತ್ತಬೇಡಿ, ಹಂಗೆ ಒತ್ತಿದಷ್ಟೂ ಡಿಫ್ಲೆಕ್ಟ್ ಟೈಮ್ ಚಿಕ್ಕದಾಗ್ತಾ ಹೋಗತ್ತೆ, ಒಂದು ಏಟಿಗೆ ಒಂದು ಒತ್ತು ಅಷ್ಟೇ.

ಗೆನಿಚಿರೊ ಬಗ್ಗೆ ಜಾಸ್ತಿ ಹೇಳಲ್ಲ. ಕೋಟೆ ಮೇಲೆ ಒಂದ್ಸಲ ಹೊಡೆದಿರ್ತೀರಿ, ಅವನೇ ಇವನು, ಈ ಸಲ ಕೈಯಲ್ಲಿ ಕಪ್ಪು ಮಾರ್ಟಲ್ ಬ್ಲೇಡ್ ಇರತ್ತೆ. ಅದನ್ನ ಹಿಡ್ಕೊಂಡು ಕಪ್ಪು ಹೊಗೆ ಬಂದಾಗ ಪಕ್ಕಕ್ಕೆ ಸರೀರಿ, ಉಳಿದದ್ದೆಲ್ಲ ಹಳೇ ಪಾಠ. ಆದ್ರೆ ಇವನ ಮೇಲೆ ಒಂದೂ ಗೋರ್ಡ್ (ಹೆಲ್ತ್ ತುಂಬಿಸೋ ಮದ್ದು) ಖರ್ಚಾಗ್ಬಾರ್ದು, ಅಲ್ಲಿವರೆಗೂ ಇವನ ಜೊತೆ ಆಡಿ ಕೈ ಕೂರಿಸ್ಕೊಳಿ. ಅಕ್ಟೋಬರ್ 2020ರ ಅಪ್‌ಡೇಟ್ ಆದ್ಮೇಲೆ ನೀವು ಆಗ್ಲೇ ಸೋಲಿಸಿರೋ ಬಾಸ್‌ಗಳ ಜೊತೆ ಮತ್ತೆ ಆಡೋ ವ್ಯವಸ್ಥೆ ಬಂದಿದೆ, ಐಡಲ್ (ಗೇಮಲ್ಲಿ ವಿಶ್ರಾಂತಿ ತಗೊಳ್ಳೋ ವಿಗ್ರಹ) ಹತ್ರ ಕೂತ್ರೆ ಅಲ್ಲೇ ಆಪ್ಷನ್ ಇರತ್ತೆ, ನಾನು ಆಫೀಸಿಂದ ಬಂದು ಇಶ್ಶಿನ್ ಹತ್ರ ಹೋಗೋಕೆ ಮುಂಚೆ ಕೋಟೆ ಮೇಲಿನ ಗೆನಿಚಿರೊನ ಒಂದ್ಸಲ ಹೊಡೆದೇ ಹೋಗ್ತಿದ್ದೆ. ಕೈ ಬಿಸಿಯಾಗತ್ತೆ, ಅದಕ್ಕಿಂತ ಹೆಚ್ಚಾಗಿ ಕೊನೇ ಫೇಸಿಗೆ ಬೇಕಾಗೋ ಸಿಡಿಲಿನ ಪ್ರಾಕ್ಟೀಸ್ ಅಲ್ಲೇ ಸಿಗತ್ತೆ.

ಇಶ್ಶಿನ್ ಫಸ್ಟ್ ಫೇಸ್ ಬರೀ ಕತ್ತಿ. ಇಲ್ಲಿ ಅವನಿಂದ ಎರಡು ಹೆಜ್ಜೆ ದೂರದಲ್ಲಿ ಅಂಟ್ಕೊಂಡೇ ಇರಿ, ದೂರ ನಿಂತ್ರೆ ಗಾಳಿಯಲ್ಲೇ ಕತ್ತಿ ಅಲೆ ಕಳಿಸ್ತಾನೆ, ಹತ್ರ ಇದ್ರೆ ನಿಯತ್ತಾಗಿ ಕೈ ಕೈ ಆಡ್ತಾನೆ. ಅವನಿಗೆ ಏಟು ಹಾಕಿ, ಅವನು ಬ್ಲಾಕ್ ಮಾಡ್ತಾನೆ, ಒಂದೆರಡು ಏಟು ಆದ್ಮೇಲೆ ಅವನು ನಿಮ್ಮ ಏಟನ್ನ ಟಣ್ ಅಂತ ಡಿಫ್ಲೆಕ್ಟ್ ಮಾಡ್ತಾನೆ, ಆ ಶಬ್ದ ಬಂದ ಕೂಡ್ಲೇ ನಿಮ್ಮ ಕೈ ಆರ್ ಒನ್ (ಏಟಿನ ಬಟನ್) ಬಿಟ್ಟು ಎಲ್ ಒನ್‌ಗೆ ಹೋಗ್ಬೇಕು, ಯಾಕಂದ್ರೆ ಮುಂದಿನ ಪಾಳಿ ಅವನದ್ದು. ನಾನು ಈ ಪಾಳಿ ಲೆಕ್ಕ ಹಿಡಿದ ದಿನದಿಂದ ಫಸ್ಟ್ ಫೇಸ್ ಕಷ್ಟ ಅನ್ಸೋದೇ ನಿಂತೋಯ್ತು.

ಇಲ್ಲಿ ಒಂದೇ ಒಂದು ಏಟನ್ನ ತಾಳ್ಮೆಯಿಂದ ನೋಡ್ಬೇಕು, ಆಶಿನಾ ಕ್ರಾಸ್. ಕತ್ತಿನ ಒರೆಗೆ ಹಾಕ್ತಾನೆ, ಮೈ ಬಗ್ಗಿಸ್ತಾನೆ, ಒಂದು ಕ್ಷಣ ಸುಮ್ನೆ ನಿಲ್ತಾನೆ. ಆ ಸುಮ್ನಿರೋ ಕ್ಷಣದಲ್ಲಿ ಎಲ್ರೂ ಬೇಗ ಒತ್ತಿಬಿಡ್ತಾರೆ. ಒತ್ತಬೇಡಿ. ಕೈ ಒರೆ ಬಿಟ್ಟು ಏಳೋದು ಕಂಡ ತಕ್ಷಣ ಎರಡು ಸಲ, ಟಕ್-ಟಕ್, ಅಷ್ಟೇ. ಎರಡೂ ಡಿಫ್ಲೆಕ್ಟ್ ಆದ್ರೆ ಅವನ ಪೋಶ್ಚರ್ ಎಷ್ಟು ಏರತ್ತೆ ಅಂದ್ರೆ ಆಮೇಲೆ ಆಮೇಲೆ ನಾನು ಅವನು ಕತ್ತಿ ಒರೆಗೆ ಹಾಕ್ಲಿ ಅಂತ ಕಾಯ್ತಾ ಇರ್ತಿದ್ದೆ.

ಸೆಕೆಂಡ್ ಫೇಸ್, ಇಲ್ಲೇ ಜನ ಬಿಡೋದು. ಇಶ್ಶಿನ್ ನೆಲದಿಂದ ಈಟಿ ಕಿತ್ತು ತೆಗೀತಾನೆ, ಇನ್ನೊಂದು ಕೈಯಲ್ಲಿ ಪಿಸ್ತೂಲು. ಈಟಿ ಉದ್ದ, ಎಲ್ಲಿಂದ ಬರತ್ತೋ ಗೊತ್ತಾಗಲ್ಲ, ಹಂಗಾಗಿ ಮನಸ್ಸು ಹಿಂದೆ ಓಡು ಅನ್ನತ್ತೆ. ಆದ್ರೆ ಹಿಂದೆ ಓಡಿದವ್ರಿಗೇ ಈಟಿ ಜಾಸ್ತಿ ತಾಗೋದು, ಪಿಸ್ತೂಲೂ ಬರೋದು. ಗುಂಡಿಗೆ ಹೆದ್ರಬೇಡಿ, ಅದನ್ನೂ ಕತ್ತಿಯಲ್ಲೇ ಡಿಫ್ಲೆಕ್ಟ್ ಮಾಡ್ಬೋದು, ಆಗ್ತಿಲ್ಲ ಅಂದ್ರೆ ಲೋಡೆಡ್ ಅಂಬ್ರೆಲಾ ಬಿಚ್ಚಿ ಹಿಡೀರಿ.

ತೊಂದ್ರೆ ಇರೋದು ಕೆಂಪು ಅಕ್ಷರದಲ್ಲಿ. ಡೇಂಜರ್ ಏಟಿಗೆ ಮುಂಚೆ ಸ್ಕ್ರೀನ್ ಮೇಲೆ ದೊಡ್ಡ ಕೆಂಪು ಅಕ್ಷರ ಬರತ್ತಲ್ಲ, ಚುಚ್ಚೋಕೂ ಅದೇ, ಕೆಳಗೆ ಬೀಸೋಕೂ ಅದೇ. ಚುಚ್ಚಿದ್ರೆ ಮಿಕಿರಿ ಕೌಂಟರ್, ಅಂದ್ರೆ ಅವನ ಕಡೆಗೇ ಸರ್ಕಲ್ ಒತ್ತಿ ಈಟಿನ ಕಾಲಲ್ಲಿ ತುಳೀಬೇಕು. ಬೀಸಿದ್ರೆ ಹಾರಿ, ಗಾಳಿಯಲ್ಲೇ ಇನ್ನೊಂದ್ಸಲ ಜಂಪ್ ಒತ್ತಿ ಅವನ ಮೈಮೇಲೆ ಕಾಲಿಡ್ಬೇಕು. ತಪ್ಪು ಉತ್ತರ ಕೊಟ್ರೆ ಹೆಲ್ತ್ ಅರ್ಧ ಹೋಗ್ತದೆ. ನನ್ನ ರೂಮ್‌ಮೇಟ್ ಅಥಣಿಯವನು, ಗೇಮ್ ಆಡೋನಲ್ಲ, ಊಟದ ತಟ್ಟೆ ಹಿಡ್ಕೊಂಡು ನೋಡ್ತಾ ಕೂತಿರ್ತಿದ್ದ, ಒಂದಿನ ಇದ್ದಕ್ಕಿದ್ದಂಗೆ ಅಂದ: "ಲೇ ದೋಸ್ತ, ನೀ ಆ ಕೆಂಪು ಅಕ್ಷರ ಯಾಕ ನೋಡ್ತಿ? ಅಂವನ ಭುಜ ನೋಡಲೇ. ಈಟಿ ಹಿಂದಕ್ಕ ಎಳದ್ರ ಚುಚ್ಚತಾನ, ಮೈ ತಿರುವಿ ಕೆಳಗ ಕುಂತ್ರ ಬೀಸತಾನ." ನೂರಕ್ಕೆ ನೂರು ಸರಿ. ಅಕ್ಷರ ಬರೀ ಏನೋ ಬರತ್ತೆ ಅಂತ ಹೇಳತ್ತೆ, ಏನು ಬರತ್ತೆ ಅಂತ ಅವನ ಭುಜ ಹೇಳತ್ತೆ. ಅವತ್ತು ನಾವಿಬ್ರೂ ಸೇರಿ ಒಂದು ಕೆಲಸ ಮಾಡಿದ್ವಿ, ನಾನು ಏಟೇ ಹಾಕ್ಲಿಲ್ಲ, ಬರೀ ಇಶ್ಶಿನ್ ಮುಂದೆ ನಿಂತ್ಕೊಳ್ಳೋದು, ಅವನು ಕೆಂಪು ಏಟು ಎತ್ತಿದಾಗ ರೂಮ್‌ಮೇಟ್ "ಚುಚ್ಚ" ಅಥ್ವಾ "ಬೀಸ" ಅಂತ ಕೂಗೋದು, ನಾನು ಅದಕ್ಕೆ ತಕ್ಕಂಗೆ ಒತ್ತೋದು. ರಾತ್ರಿ ಮುಗಿಯೋದ್ರೊಳಗೆ ಅವನು ಕೂಗೋಕೆ ಮುಂಚೆನೇ ನನ್ನ ಬೆರಳು ಹೋಗ್ತಿತ್ತು. ನಿಮಗೂ ಹೇಳ್ತೀನಿ, ಗೆಲ್ಲೋ ಆಸೆ ಬಿಟ್ಟು ಒಂದು ಸಂಜೆ ಪೂರ್ತಿ ಬರೀ ಇದಕ್ಕೆ ಕೊಡಿ, ಇದಕ್ಕಿಂತ ಒಳ್ಳೆ ಖರ್ಚು ಇಲ್ಲ. ಮಿಕಿರಿ ಬಟನ್ನೇ ಕೂತಿಲ್ಲ ಅನ್ನೋರು ಪಾಳು ದೇವಸ್ಥಾನದ ಹತ್ರ ಇರೋ ಹನ್ಬೆ ಜೊತೆ ಮಾತಾಡಿ, ಅವನು ಎಷ್ಟು ಹೊತ್ತಾದ್ರೂ ನಿಮಗೋಸ್ಕರ ಚುಚ್ತಾ ಇರ್ತಾನೆ.

ಮಿಕಿರಿ ಪಕ್ಕಾ ಆದ್ಮೇಲೆ ಈ ಫೇಸ್ ತಲೆಕೆಳಗಾಗತ್ತೆ, ಈಟಿ ತುಳಿದಾಗೆಲ್ಲ ಪೋಶ್ಚರ್ ದಪ್ಪ ದಪ್ಪ ಏರತ್ತೆ. ಅವನು ಮೇಲೆ ಹಾರಿ ಈಟಿ ಊರೋ ಏಟಿದೆ, ಅದು ನೆಲಕ್ಕೆ ಬಿದ್ದ ಮೇಲೆ ಸಿಗೋ ಚಿಕ್ಕ ಗ್ಯಾಪಲ್ಲಿ ಒಂದು ಏಟು ಹಾಕಿ ಮತ್ತೆ ಗಾರ್ಡ್‌ಗೆ ಬನ್ನಿ. ದುರಾಸೆಯಿಂದ ಎರಡನೇ ಏಟಿಗೆ ಹೋಗ್ಬೇಡಿ. ನಿಮ್ಮ ಪೋಶ್ಚರ್ ತುಂಬಿದೆ ಅನ್ಸಿದ್ರೆ ಗ್ಯಾಪಲ್ಲಿ ಇಚಿಮೊಂಜಿ ಡಬಲ್ (ಮೇಲಿಂದ ಎರಡು ಸಲ ಬೀಸೋ ಸ್ಪೆಷಲ್ ಏಟು) ಹಾಕಿ, ಅದು ಬೀಸಿದಾಗ ನಿಮ್ಮ ಪೋಶ್ಚರ್ ಇಳಿಯತ್ತೆ, ಅವನದ್ದು ಏರತ್ತೆ, ಈ ಫೈಟಿಗೆ ಅದಕ್ಕಿಂತ ಉಪಯೋಗದ ಕಾಂಬ್ಯಾಟ್ ಆರ್ಟ್ ನಂಗೆ ಸಿಕ್ಕಿಲ್ಲ. ಎಲ್ ಒನ್ ಹಿಡ್ಕೊಂಡು ನಿಂತ್ರೂ ನಿಮ್ಮ ಬಾರ್ ಬೇಗ ಇಳಿಯತ್ತೆ, ಉಸಿರಾಡೋಕೆ ಟೈಮ್ ಸಿಕ್ಕಾಗ ಸುಮ್ನೆ ನಿಲ್ಬೇಡಿ, ಗಾರ್ಡ್ ಹಿಡ್ಕೊಂಡು ನಿಲ್ಲಿ.

ಥರ್ಡ್ ಫೇಸಲ್ಲಿ ಹಳೇದೆಲ್ಲ ಇರತ್ತೆ, ಜೊತೆಗೆ ಸಿಡಿಲು. ಇದು ನೋಡೋಕೆ ಭಯಂಕರ, ಆದ್ರೆ ನನ್ನ ಪ್ರಕಾರ ಸೆಕೆಂಡ್ ಫೇಸ್‌ಗಿಂತ ಸುಲಭ, ಯಾಕಂದ್ರೆ ಸಿಡಿಲನ್ನ ಅವನ ಮೇಲೇ ವಾಪಸ್ ಕಳಿಸ್ಬೋದು. ಈಟಿಗೋ ಕತ್ತಿಗೋ ಸಿಡಿಲು ಹತ್ತಿದ್ದು ಕಂಡ ತಕ್ಷಣ ಹಾರಿ, ಗಾಳಿಯಲ್ಲಿರೋವಾಗ ಸಿಡಿಲು ನಿಮಗೆ ತಾಗ್ಲಿ, ಕಾಲು ನೆಲಕ್ಕೆ ಮುಟ್ಟೋಕೆ ಮುಂಚೆ ಆರ್ ಒನ್ ಒತ್ತಿ. ನೆಲದ ಮೇಲೆ ನಿಂತು ಸಿಡಿಲು ತಗೊಂಡ್ರೆ ಮುಗೀತು. ವಾಪಸ್ ಹೋದ ಸಿಡಿಲಿಗೆ ಅವನ ಹೆಲ್ತೂ ಹೋಗತ್ತೆ, ಅವನು ನಡುಗ್ತಾ ನಿಲ್ತಾನೆ, ಆಗ ಹೋಗಿ ಹೊಡೀರಿ. ನಾನು ಗೆದ್ದ ರಾತ್ರಿ ಸಿಡಿಲು ವಾಪಸ್ ಹೋಗಿ ಅವನ ಪೋಶ್ಚರ್ ಇನ್ನೇನು ತುಂಬ್ಬೇಕು ಅನ್ನೋವಾಗ ಅವನು ಈಟಿ ಹಿಂದಕ್ಕೆ ಎಳೆದ, ರೂಮ್‌ಮೇಟು ನಾನು ಇಬ್ರೂ ಒಟ್ಟಿಗೇ "ಚುಚ್ಚ" ಅಂತ ಕೂಗಿದ್ವಿ, ಮಿಕಿರಿ ಬಿತ್ತು, ಬಾರ್ ಒಡೀತು.

ಗೋರ್ಡ್ ಲೆಕ್ಕ ಹೇಳ್ಬೇಕಂದ್ರೆ, ಗೋರ್ಡ್ ಹೆಚ್ಚಿಸೋ ಸೀಡ್ ಎಲ್ಲ ಹುಡುಕಿದ್ರೆ ಹತ್ತು ಸಲ ಕುಡೀಬೋದು, ಗೆನಿಚಿರೊಗೆ ಸೊನ್ನೆ, ಕತ್ತಿ ಫೇಸಿಗೆ ಎರಡು, ಉಳಿದದ್ದು ಈಟಿಗೆ ಅಂತ ಇಟ್ಕೊಳಿ. ಕುಡಿಯೋದು ಅವನ ದೊಡ್ಡ ಏಟು ಮುಗಿದ ಮೇಲೆ ಮಾತ್ರ, ದೂರ ಓಡಿ ಕುಡಿಯೋಕೆ ಹೋದ್ರೆ ಗುಂಡು ಬರತ್ತೆ. ಪ್ರೇಯರ್ ಬೀಡ್ ಗೇಮಲ್ಲಿ ಒಟ್ಟು 40 ಇವೆ, ನಾಲ್ಕಕ್ಕೊಂದು ನೆಕ್ಲೆಸ್ ಆಗಿ ಹೆಲ್ತೂ ಪೋಶ್ಚರೂ ಏರತ್ತೆ, ನಿಮ್ಮ ಹತ್ರ ತುಂಬಾ ಕಮ್ಮಿ ಇದ್ರೆ ವಾಪಸ್ ಹೋಗಿ ಹುಡ್ಕೊಂಡು ಬನ್ನಿ, ಅದ್ರಲ್ಲಿ ನಾಚಿಕೆ ಏನಿಲ್ಲ. ಸತ್ರೆ ಅರ್ಧ ದುಡ್ಡು ಅರ್ಧ ಎಕ್ಸ್‌ಪೀರಿಯನ್ಸ್ ಹೋಗತ್ತೆ, ಆಗ್ಲೇ ಸಿಕ್ಕಿರೋ ಸ್ಕಿಲ್ ಪಾಯಿಂಟ್ ಹೋಗಲ್ಲ, ಅದಕ್ಕೆ ಈ ಫೈಟಿಗೆ ಇಳಿಯೋಕೆ ಮುಂಚೆ ದುಡ್ಡನ್ನ ಖಾಲಿ ಮಾಡ್ಕೊಂಡು ಬನ್ನಿ, ಕಳ್ಕೊಳ್ಳೋ ಚಿಂತೆ ತಲೆಯಲ್ಲಿದ್ರೆ ಕೈ ಆಡಲ್ಲ.

ಗೆದ್ದ ಮೇಲೆ ಖುಷಿಯಲ್ಲಿ ಓಡಿಹೋಗಿ ಕುರೋನ ಮಾತಾಡಿಸ್ಬಿಡ್ಬೇಡಿ. ನಿಮ್ಮ ಹತ್ರ ಬೇರೆ ಎಂಡಿಂಗ್‌ನ ಐಟಮ್‌ಗಳಿದ್ರೆ ಅವನಿಗೆ ಏನು ಕೊಡ್ತೀರಿ ಅನ್ನೋದ್ರ ಮೇಲೆ ಎಂಡಿಂಗ್ ಬದಲಾಗತ್ತೆ. ಮೊದ್ಲು ಗೇಮಿಂದ ಆಚೆ ಬಂದು ಸೇವ್ ಫೈಲನ್ನ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಒಂದು ಎಂಡಿಂಗ್ ನೋಡಿ, ಕಾಪಿ ವಾಪಸ್ ಹಾಕಿ, ಇನ್ನೊಂದು ನೋಡಿ. ನಾನು ಹಂಗೇ ನೋಡಿದ್ದು.